ಅಪ್ಪಯ್ಯನ ಬಯಾಪ್ಸಿ ರಿಪೋರ್ಟಲ್ಲಿ ‘ಸ್ಟ್ರೋಮಾ’ ಅಂತ ಬರೆದಿದೆ, ಏನಿದು? ಹೆದರಬೇಕಾ?

ತೋಟದಮನೆ_ಮೇಷ್ಟ್ರು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೇನೆ. ಎಸೆಸೆಲ್ಸಿ ಮುಗಿದ ಮೇಲೆ ವಿಜ್ಞಾನಕ್ಕೂ ನನಗೂ ಮಾತುಕತೆ ಇಲ್ಲ. ದಡ್ಡ ಪ್ರಶ್ನೆ ಅನ್ನಿಸಿದರೆ ಬೈಬೇಡಿ.

ಅಪ್ಪಯ್ಯನಿಗೆ 74. ಎರಡು ವರ್ಷದಿಂದ ಪ್ರಾಸ್ಟೇಟಿಗೆ (ಮೂತ್ರದ ದಾರಿಯ ಸುತ್ತ ಇರುವ ಗ್ರಂಥಿ, ಊದಿಕೊಂಡಿತ್ತು) ಮಾತ್ರೆ ತಗೊಳ್ತಿದ್ರು. ಟ್ಯಾಮ್ಸುಲೋಸಿನ್, ಡುಟಾಸ್ಟರೈಡ್ ಎರಡೂ ಸೇರಿದ ಕ್ಯಾಪ್ಸೂಲು. ರಾತ್ರಿ ನಾಲ್ಕು ಸಲ ಏಳ್ತಿದ್ದವರು ಎರಡಕ್ಕೆ ಇಳಿದಿದ್ರು. ಈ ಸಲ ಆಷಾಢದಲ್ಲಿ, ಮಳೆ ಹಿಡಿದು ಐದನೇ ದಿನ, ನೆಗಡಿ ಅಂತ ಪೇಟೆಯ ಮೆಡಿಕಲ್ಲಿಂದ ಶೀತದ ಮಾತ್ರೆ ತರಿಸಿ ನುಂಗಿದರು. ಮಧ್ಯಾಹ್ನ ಒಂದು, ರಾತ್ರಿ ಒಂದು. ಬೆಳಗಿನ ಜಾವ ಮೂರಕ್ಕೆ ನನ್ನನ್ನು ಎಬ್ಬಿಸಿದರು. ಮೂತ್ರ ಒಂದು ಹನಿ ಬರ್ತಿಲ್ಲ. ಕಿಬ್ಬೊಟ್ಟೆ ತಂಬಿಗೆ ಬೋರಲು ಹಾಕಿದ ಹಾಗೆ ಉಬ್ಬಿತ್ತು. ಅಜ್ಜಿ ತೀರಿಕೊಂಡಾಗಲೂ ಅಳದ ಮನುಷ್ಯ ಅವತ್ತು ಗೋಡೆಗೆ ಹಣೆ ಒತ್ತಿಕೊಂಡು ಅತ್ತರು.

ಮರ ಬಿದ್ದ ರಸ್ತೆ ಸುತ್ತುಹಾಕಿ ಶಿವಮೊಗ್ಗ ತಲುಪುವಾಗ ಬೆಳಕು ಹರಿದಿತ್ತು. ಕ್ಯಾತಿಟರ್ ಹಾಕಿದ ಕೂಡಲೇ ಒಂದು ಲೀಟರಿಗಿಂತ ಜಾಸ್ತಿ ಬಂತು. ವಾರ ಬಿಟ್ಟು ತೆಗೆದು ನೋಡಿದರು, ಮತ್ತೆ ಕಟ್ಟಿತು. ಇನ್ನೊಂದು ಸಲವೂ ಅದೇ ಕಥೆ. ಕಡೆಗೆ ಟಿಯುಆರ್‌ಪಿ ಮಾಡಿದರು, ಅಂದರೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆಯೋದು. ಈಗ ಆರಾಮ ಇದ್ದಾರೆ, ದೇವರ ದಯೆ.

ಮೊನ್ನೆ ಬಯಾಪ್ಸಿ ರಿಪೋರ್ಟ್ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೀತೇನೆ: ಬೂದುಬಿಳಿ ಚೂರುಗಳು, ಒಟ್ಟು 12 ಗ್ರಾಂ. ಗ್ಲಾಂಡ್ಯುಲೋಸ್ಟ್ರೋಮಲ್ ಹೈಪರ್‌ಪ್ಲಾಸಿಯಾ. ಸ್ಟ್ರೋಮಾ ಫೈಬ್ರೋಮಸ್ಕ್ಯುಲರ್, ಪ್ರಧಾನವಾಗಿದೆ. ಕಾರ್ಪೊರಾ ಅಮೈಲೇಸಿಯಾ. ಅಲ್ಲಲ್ಲಿ ಕ್ರಾನಿಕ್ ಇನ್‌ಫ್ಲಮೇಶನ್. ಮ್ಯಾಲಿಗ್ನನ್ಸಿ ಇಲ್ಲ.

ಡಾಕ್ಟರು “ಕ್ಯಾನ್ಸರ್ ಇಲ್ಲ, ಹೋಗಿ ಬನ್ನಿ” ಅಂದ್ರು. ಹಿಂದೆ ನಲವತ್ತು ಜನ ಕ್ಯೂ ಇದ್ದರು, ಅವರದ್ದೂ ತಪ್ಪಲ್ಲ. ತಪ್ಪು ನನ್ನದು, ಬಸ್ಸಲ್ಲಿ ಕೂತು ಮೊಬೈಲಲ್ಲಿ ‘ಸ್ಟ್ರೋಮಲ್’ ಅಂತ ಹುಡುಕಿದೆ. ಸ್ಟ್ರೋಮಲ್ ಟ್ಯೂಮರ್, ಸ್ಟ್ರೋಮಲ್ ಸಾರ್ಕೋಮಾ ಅಂತ ಏನೇನೋ ಬಂತು. ಎರಡು ದಿನದಿಂದ ನಿದ್ದೆ ಇಲ್ಲ. ಈ ಸ್ಟ್ರೋಮಾ ಅಂದರೆ ಏನು? ಅದು ‘ಪ್ರಧಾನ’ ಆಗಿದ್ದರೆ ಒಳ್ಳೇದಾ ಕೆಟ್ಟದ್ದಾ? ಒಂದು ಶೀತದ ಮಾತ್ರೆ ಇಷ್ಟು ರಾಮಾಯಣ ಹೇಗೆ ಮಾಡ್ತು? ಅಂದ ಹಾಗೆ ಆಪರೇಷನ್ನಿಗೆ ಮುಂಚೆ ಪಿಎಸ್ಎ, ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ಮಾಡುವ ರಕ್ತಪರೀಕ್ಷೆ, 2.8 ಇತ್ತು, ನಾರ್ಮಲ್ ಅಂದಿದ್ದರು.

---

ಬಾಗಲಕೋಟಿ_ಸೊಸಿ
ಭಾನುವಾರ, ರಾತ್ರಿ 10:15

ಅಣ್ಣಾರ, ಸ್ಟ್ರೋಮಾ ಗಿಸ್ಟ್ರೋಮಾ ನನಗ ತಿಳಿಯೂದಿಲ್ರಿ. ಆದ್ರ ಶೀತದ ಗುಳಗಿ ಕಥಿ ಖರೇ ಐತಿ. ನಮ್ಮ ಮಾವಾರಿಗೆ ಹಿಂದಿನ ವರ್ಷ ಬನಶಂಕರಿ ಜಾತ್ರಿ ಮುಗಿಸಿ ಬಂದ ಮರುದಿನ ಥೇಟ್ ಹಿಂಗ ಆಗಿತ್ತು. ಧೂಳಿಗೆ ಮೂಗು ಕಟ್ಟೇತಿ ಅಂತ ಗುಳಗಿ ತಗೊಂಡ್ರು, ಮೂಗು ಬಿಚ್ಚಿತು, ಕೆಳಗ ಕಟ್ಟಿತು. ದವಾಖಾನ್ಯಾಗ ನರ್ಸಬಾಯಾರು ಮೊದಲ ಕೇಳಿದ್ದ “ನೆಗಡಿ ಗುಳಗಿ ತಗೊಂಡೀರೇನು ಅಜ್ಜಾರ” ಅಂತ. ಅವರಿಗೆ ಗೊತ್ತಿತ್ತು, ಗುಳಗಿ ಕೊಟ್ಟ ಅಂಗಡ್ಯಾವಗ ಗೊತ್ತಿರಲಿಲ್ಲ. ಯಾಕ ಹಂಗ ಆಗತೈತಿ ಅಂತ ಯಾರರ ತಿಳದವರು ಹೇಳ್ರಿ, ನಾನೂ ಓದತೇನಿ.

---

ಸ್ಲೈಡ್_ಮಾಮ
ಸೋಮವಾರ, ಬೆಳಿಗ್ಗೆ 6:05

ಮೇಷ್ಟ್ರೇ, ಮೊದಲು ನಿದ್ದೆ ಮಾಡಿ. ನಿಮ್ಮ ತಂದೆಯವರ ರಿಪೋರ್ಟ್ ಅವರ ವಯಸ್ಸಿನ ಗಂಡಸರಲ್ಲಿ ಬರುವ ಅತಿ ಸಾಮಾನ್ಯ ರಿಪೋರ್ಟ್.

ನಾನು ಡಾಕ್ಟರಲ್ಲ. ಮೈಸೂರಿನ ಹಿಸ್ಟೋಪೆಥಾಲಜಿ ಲ್ಯಾಬೊಂದರಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವನು. ಊರಿನ ಅರ್ಧ ಗಂಡಸರ ಪ್ರಾಸ್ಟೇಟ್ ನನ್ನ ಮೈಕ್ರೋಟೋಮ್ ಬ್ಲೇಡಿನ ಕೆಳಗೆ ಹಾದುಹೋಗಿದೆ ಅಂತ ನನ್ನ ಹೆಂಡತಿ ಹಂಗಿಸ್ತಾಳೆ. ರಿಪೋರ್ಟಿಗೆ ಸಹಿ ಹಾಕುವವನು ನಾನಲ್ಲ, ಆದರೆ ಆ ಸಹಿಗೆ ಬೇಕಾದ ಸ್ಲೈಡು ಮಾಡಿದವನು. ನಮ್ಮ ಪೆಥಾಲಜಿಸ್ಟ್ ಮೇಡಂ ಎರಡು ಕಣ್ಣಿನ ಜೋಡಿ ಇರೋ ಮೈಕ್ರೋಸ್ಕೋಪಿನ ಇನ್ನೊಂದು ಕಡೆ ನನ್ನನ್ನ ಕೂರಿಸಿಕೊಂಡು ತೋರಿಸ್ತಿದ್ರು. ಕಲಿತದ್ದೆಲ್ಲ ಅಲ್ಲೇ.

ಹಲಸಿನ ಹಣ್ಣು ಕೊಯ್ದಿದ್ದೀರಲ್ಲ? ಒಳಗೆ ತೊಳೆ ಇರುತ್ತೆ, ತೊಳೆ ತೊಳೆಯ ನಡುವೆ ನಾರು ಇರುತ್ತೆ. ಪ್ರಾಸ್ಟೇಟ್ ಹಾಗೇ. ತೊಳೆ ಅಂದರೆ ಗ್ರಂಥಿ, ವೀರ್ಯದ ಜೊತೆ ಹೋಗುವ ರಸ ಮಾಡೋದು ಅದು. ನೀವು ಬರೆದ ಪಿಎಸ್ಎ ಕೂಡ ತೊಳೆಯ ಒಳಗೋಡೆಯ ಜೀವಕೋಶದ ಮಾಲು. ನಡುವಿನ ನಾರೇ ಸ್ಟ್ರೋಮಾ. ಹಲಸು ತಿನ್ನುವಾಗ ನಾವು ತೊಳೆ ಬಿಡಿಸಿಕೊಂಡು ನಾರನ್ನ ದನಕ್ಕೆ ಹಾಕ್ತೀವಿ. ವೈದ್ಯಶಾಸ್ತ್ರವೂ ಬಹಳ ಕಾಲ ಅದನ್ನೇ ಮಾಡಿತು. ಗಮನವೆಲ್ಲ ತೊಳೆಯ ಮೇಲೆ, ನಾರು ಬರೀ ಪ್ಯಾಕಿಂಗ್ ಸಾಮಾನು ಅನ್ನೋ ಲೆಕ್ಕ. ಹೋಲಿಕೆ ಇಲ್ಲಿಗೇ ಸಾಕು. ಹಲಸಿನ ನಾರು ಸುಮ್ಮನೆ ಬಿದ್ದಿರುತ್ತೆ, ಪ್ರಾಸ್ಟೇಟಿನ ನಾರು ಸುಮ್ಮನಿರೋ ಜಾತಿ ಅಲ್ಲ.

ಟಿಯುಆರ್‌ಪಿ ಡಬ್ಬಿ ಲ್ಯಾಬಿಗೆ ಬಂದರೆ ಫಾರ್ಮಲಿನ್ನಿನಲ್ಲಿ ಒಣಕೊಬ್ಬರಿ ಚೂರಿನ ಥರ ಬಾಗಿದ ತುಣುಕುಗಳು ತೇಲ್ತಿರ್ತವೆ. ಸೋಸಿ, ತೂಗಿ, ಕ್ಯಾಸೆಟ್ಟಿಗೆ ತುಂಬಬೇಕು. 12 ಗ್ರಾಂ ಅಂದರೆ ಒಂದು ಚೂರೂ ಬಿಡದೆ ಎಲ್ಲಾ ಹಾಕ್ತಿದ್ವಿ, ಆರೇಳು ಕ್ಯಾಸೆಟ್ ಆಗೋದು. ಮೇಣದಲ್ಲಿ ಕೂರಿಸಿ, ಮೈಕ್ರೋಟೋಮಿನಲ್ಲಿ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳ್ಳಗೆ ಕೊಯ್ದರೆ ರಿಬ್ಬನ್ ಥರ ಬರುತ್ತೆ. ಬೆಚ್ಚಗಿನ ನೀರಿನ ಮೇಲೆ ಬಿಟ್ಟು ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳೋದು. ಇಲ್ಲಿ ನಾರಿನ ಜಾಸ್ತಿ ಕಮ್ಮಿ ಕೈಗೇ ಗೊತ್ತಾಗ್ತಿತ್ತು. ತೊಳೆ ಜಾಸ್ತಿ ಇರೋ ಚೂರು ಬೆಣ್ಣೆ ಥರ ಕೊಯ್ಯಿಸಿಕೊಳ್ಳುತ್ತೆ. ನಾರು ಜಾಸ್ತಿ ಇರೋದು ಬ್ಲೇಡಿಗೆ ಜಗ್ಗುತ್ತೆ, ಕರ್ರ್ ಅನ್ನುತ್ತೆ. ಮೇಡಂ ಸ್ಲೈಡು ನೋಡೋ ಮೊದಲೇ ನಾನು “ಇದು ಸ್ಟ್ರೋಮಾ ಪಾರ್ಟಿ” ಅಂತ ಹೇಳಿ ಬೆಟ್ಟು ಕಟ್ಟಿ ಟೀ ಗೆದ್ದದ್ದುಂಟು.

ಬಣ್ಣ ಹಾಕಿ ನೋಡಿದರೆ ತೊಳೆಗಳು ಮಡಿಕೆ ಮಡಿಕೆಯಾಗಿ, ಒಳಗೆ ಎರಡು ಸಾಲು ಜೀವಕೋಶ. ನಡುವೆ ಖಾಲಿ ಜಾಗದಲ್ಲಿ ಅಲ್ಲಲ್ಲಿ ಈರುಳ್ಳಿ ಕೊಯ್ದ ಹಾಗೆ ಬಳೆ ಬಳೆಯಾಗಿ ಗುಲಾಬಿ ಗುಂಡು. ರಿಪೋರ್ಟಿನ ‘ಕಾರ್ಪೊರಾ ಅಮೈಲೇಸಿಯಾ’ ಅದೇ, ವಯಸ್ಸಾದವರಲ್ಲಿ ಇದ್ದೇ ಇರುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಸುತ್ತ ಹೊಳೆ ಹರಿದ ಹಾಗೆ ಗುಲಾಬಿ ಎಳೆಗಳು, ಅದು ಸ್ಟ್ರೋಮಾ. ಮಾಮೂಲಿ ಬಣ್ಣದಲ್ಲಿ ಎಲ್ಲಾ ಗುಲಾಬಿ, ಯಾರು ಯಾರು ಅಂತ ತಿಳಿಯಲ್ಲ. ಟ್ರೈಕ್ರೋಮ್ ಅಂತ ಇನ್ನೊಂದು ಬಣ್ಣ ಇದೆ, ಅದು ಹಾಕಿದರೆ ಗುಟ್ಟು ರಟ್ಟು. ಸ್ನಾಯು ಕೆಂಪಗೆ, ಕೊಲ್ಲಾಜನ್ ಅನ್ನೋ ಹುರಿ ನೀಲಿ. ಕೆಂಪು ನೀಲಿ ಎರಡೂ ಹೆಣೆದುಕೊಂಡ ಇಳಕಲ್ ಸೀರೆ ಅಂಚಿನ ಥರ ಕಾಣುತ್ತೆ. ‘ಫೈಬ್ರೋಮಸ್ಕ್ಯುಲರ್’ ಅನ್ನೋ ಪದದ ಅರ್ಥ ಇಷ್ಟೇ: ನಾರೂ ಇದೆ, ಸ್ನಾಯುವೂ ಇದೆ. ನಾರು ನೇಯೋ ಜೀವಕೋಶಕ್ಕೆ ಫೈಬ್ರೋಬ್ಲಾಸ್ಟ್ ಅಂತಾರೆ.

ಆ ಕೆಂಪು ಬಣ್ಣದ ಸ್ನಾಯುವೇ ನಿಮ್ಮ ಆಷಾಢದ ರಾತ್ರಿಯ ಅಪರಾಧಿ. ಅದು ನಮ್ಮ ಹಿಡಿತದ ಸ್ನಾಯು ಅಲ್ಲ, ಕರುಳಿನದರ ಥರ ತಾನಾಗಿ ಬಿಗಿಯುತ್ತೆ, ಸಡಿಲುತ್ತೆ. 1975ರಲ್ಲಿ ಜೆರುಸಲೇಮಿನ ಮಾರ್ಕೊ ಕೇನ್ ಅನ್ನೋ ಡಾಕ್ಟರು ಮತ್ತವರ ಜೊತೆಯವರು ಪ್ರಾಸ್ಟೇಟಿನ ಪಟ್ಟಿ ಕೊಯ್ದು, ದ್ರಾವಣದಲ್ಲಿ ತೂಗುಹಾಕಿ, ಅಡ್ರಿನಾಲಿನ್ ಜಾತಿಯ ಔಷಧ ಬಿಟ್ಟರೆ ಅದು ಬಿಗಿಯುತ್ತೆ ಅಂತ ತೋರಿಸಿದರು. ಬಿಗಿಯೋಕೆ ಅದರ ಮೇಲೆ ಆಲ್ಫಾ ಅನ್ನೋ ಬೀಗದ ಕಣ್ಣು ಇದೆ. ಶೀತದ ಮಾತ್ರೆಯಲ್ಲಿ ಫಿನೈಲೆಫ್ರಿನ್ ಇರುತ್ತೆ. ಮೂಗಿನ ರಕ್ತನಾಳವನ್ನ ಬಿಗಿಹಿಡಿದು ಸೋರಿಕೆ ನಿಲ್ಲಿಸೋದು ಅದರ ಕೆಲಸ. ಮೂಗಿನಲ್ಲೂ ಆಲ್ಫಾ ಬೀಗ, ಪ್ರಾಸ್ಟೇಟಿನಲ್ಲೂ ಆಲ್ಫಾ ಬೀಗ. ಕೀಲಿಗೆ ಮನೆ ಯಾವುದು ಅಂತ ಗೊತ್ತಾಗಲ್ಲ. ಸಾಲದ್ದಕ್ಕೆ ಅದೇ ಮಾತ್ರೆಯಲ್ಲಿ ನಿದ್ದೆ ಬರಿಸೋ ಕ್ಲೋರ್‌ಫೆನಿರಮೈನೂ ಇರುತ್ತೆ, ಅದು ಮೂತ್ರಕೋಶದ ತಳ್ಳೋ ಶಕ್ತಿಯನ್ನ ಕುಗ್ಗಿಸುತ್ತೆ. ಬಾಗಿಲು ಬಿಗಿಯಿತು, ತಳ್ಳುವವನೂ ಸುಸ್ತಾದ. ಬಾಗಲಕೋಟೆ ತಂಗಿ, ನಿಮ್ಮ ಮಾವನವರಿಗೆ ಆದದ್ದೂ ಇದೇ ಇರಬೇಕು.

ಟ್ಯಾಮ್ಸುಲೋಸಿನ್ ಅದೇ ಬೀಗದೊಳಗೆ ಮುರಿದು ಕೂರೋ ಕೀಲಿ. ತಾನೂ ತಿರುಗಲ್ಲ, ಬೇರೆಯವರಿಗೂ ಬಿಡಲ್ಲ. ಸ್ನಾಯು ಸಡಿಲ. ನಾಲ್ಕಾರು ದಿನದಲ್ಲೇ ಗೊತ್ತಾಗೋದು ಅದಕ್ಕೇ, ಗಡ್ಡೆ ಮಾತ್ರ ಒಂದು ಗುಂಜಿಯೂ ಕುಗ್ಗಿರಲ್ಲ. ಕುಗ್ಗಿಸೋದು ಇನ್ನೊಂದು, ಡುಟಾಸ್ಟರೈಡ್. ಅದಕ್ಕೆ ಆರು ತಿಂಗಳು ಬೇಕು. ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಪ್ರಾಸ್ಟೇಟಿನಲ್ಲಿ ಡಿಎಚ್‌ಟಿ ಅನ್ನೋ ಇನ್ನೂ ಖಾರದ ರೂಪಕ್ಕೆ ತಿರುಗುತ್ತೆ. ತಿರುಗಿಸೋ ಕಿಣ್ವ ಹೆಚ್ಚಾಗಿ ಇರೋದು ತೊಳೆಯಲ್ಲಲ್ಲ, ನಾರಿನಲ್ಲಿ! ಅಡುಗೆಮನೆ ನಾರಿನದ್ದು, ಊಟ ಎಲ್ಲರದ್ದು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಅನ್ನೋ ಹಳ್ಳಿಯ ಕೆಲವು ಮನೆತನಗಳ ಬಗ್ಗೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಅನ್ನೋ ಡಾಕ್ಟರು ಬರೆದರು. ಅಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರೋ ಗಂಡಸರಿಗೆ ಪ್ರಾಸ್ಟೇಟ್ ಬೆಳೆಯೋದೇ ಇಲ್ಲ, ಸಣ್ಣಗೇ ಉಳಿಯುತ್ತೆ. ಆ ಸುಳಿವು ಹಿಡಿದು ಬಂದ ಮೊದಲ ಮಾತ್ರೆ ಫಿನಾಸ್ಟರೈಡ್, ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ತಂದೆಯವರದ್ದು ಅದರ ತಮ್ಮ.

‘ಪ್ರಧಾನ’ ಅಂದರೆ ಒಳ್ಳೇದಾ ಕೆಟ್ಟದ್ದಾ ಅಂದಿರಿ. ಎರಡೂ ಅಲ್ಲ, ಬರೀ ಲಕ್ಷಣ. ಮಾಮೂಲಿ ಪ್ರಾಸ್ಟೇಟು 20 ಗ್ರಾಂ, ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು. ಅದರಲ್ಲಿ ನಾರು ಎರಡು ಪಾಲು, ತೊಳೆಯ ಗೋಡೆ ಒಂದು ಪಾಲು. ಊದಿಕೊಂಡ ಪ್ರಾಸ್ಟೇಟಿನಲ್ಲಿ ಅದು ಐದಕ್ಕೆ ಒಂದು ಅಂತ 1979ರಲ್ಲಿ ಅಳೆದವರ ಲೆಕ್ಕ. ಅಂದರೆ ಮುದುಕರ ‘ಗ್ರಂಥಿ ಊತ’ ಅಂತ ನಾವು ಕರೆಯೋದು ಮುಕ್ಕಾಲುಪಾಲು ನಾರಿನ ಊತ. ಇಷ್ಟು ನಾರಿದ್ದರೂ ಹೆಸರು ಮಾತ್ರ ಗ್ರಂಥಿಯದ್ದು. ಮನೆಯಲ್ಲಿ ದುಡಿಯೋರು ಒಬ್ಬರು, ಬೋರ್ಡಿನಲ್ಲಿ ಹೆಸರು ಇನ್ನೊಬ್ಬರದ್ದು.

ಇನ್ನು ನನಗೆ ಬಹಳ ಇಷ್ಟವಾದ ಕಥೆ, ಮೇಡಂ ಹೇಳಿದ್ದು. ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ ಹೇಳ್ತೀನಿ. ಅಮೆರಿಕದ ಜೆರಾಲ್ಡ್ ಕುನ್ಹಾ 1970, 80ರ ದಶಕಗಳಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಇದು. ಇನ್ನೂ ಹುಟ್ಟದ ಮರಿಯಿಂದ, ಮುಂದೆ ಪ್ರಾಸ್ಟೇಟಿನ ಸ್ಟ್ರೋಮಾ ಆಗಬೇಕಾದ ಎಳೆನಾರು ತೆಗೆದರು. ಅದರ ಜೊತೆ ಬೆಳೆದ ಇಲಿಯ ಮೂತ್ರಕೋಶದ ಒಳಪದರ ಸೇರಿಸಿ, ಇನ್ನೊಂದು ಗಂಡಿಲಿಯ ಕಿಡ್ನಿಯ ಸಿಪ್ಪೆಯ ಕೆಳಗೆ ಕಸಿ ಕಟ್ಟಿದರು. ಕೆಲವು ವಾರ ಬಿಟ್ಟು ನೋಡಿದರೆ, ಮೂತ್ರಕೋಶದ ಪದರ ತನ್ನ ಜಾತಿ ಬಿಟ್ಟು ಪ್ರಾಸ್ಟೇಟಿನ ತೊಳೆ ಆಗಿ ಕೂತಿದೆ! ಆಮೇಲೆ ಗಂಡು ಹಾರ್ಮೋನಿನ ಮಾತು ಕೇಳೋ ಕಿವಿಯೇ ಇಲ್ಲದ ಒಂದು ಜಾತಿ ಇಲಿ ತಂದರು. ಒಳಪದರಕ್ಕೆ ಕಿವಿ ಇಲ್ಲ, ನಾರಿಗೆ ಇದೆ ಅಂದರೆ ಪ್ರಾಸ್ಟೇಟ್ ಬೆಳೆಯಿತು. ತಿರುಗಾಮುರುಗಾ ಮಾಡಿದರೆ ಬೆಳೆಯಲಿಲ್ಲ. ಹಾರ್ಮೋನು ಮಾತಾಡೋದು ನಾರಿನ ಜೊತೆ, ನಾರು ಬೆಳವಣಿಗೆಯ ಸಂದೇಶ ಬರೆದು ತೊಳೆಗೆ ಕಳಿಸುತ್ತೆ. ಪ್ಯಾಕಿಂಗ್ ಸಾಮಾನು ಅಂದುಕೊಂಡಿದ್ದು ಯಜಮಾನ ಅಂತಾಯ್ತು.

ಕ್ಯಾನ್ಸರಿನ ಮಾತು. ನೀವು ಮೊಬೈಲಲ್ಲಿ ನೋಡಿದ ಸ್ಟ್ರೋಮಲ್ ಟ್ಯೂಮರ್ ಬಹುಶಃ ಹೊಟ್ಟೆ, ಕರುಳಿನ ಬೇರೆ ಕಾಯಿಲೆ, ಇದಕ್ಕೂ ಅದಕ್ಕೂ ನೆಂಟಸ್ತನ ಇಲ್ಲ. ಪ್ರಾಸ್ಟೇಟಿನ ಸ್ಟ್ರೋಮಲ್ ಸಾರ್ಕೋಮಾ ಇದೆ, ಆದರೆ ತೀರಾ ಅಪರೂಪ. 31 ವರ್ಷದಲ್ಲಿ ನನ್ನ ಕೈಲಿ ಹಾದದ್ದು ಒಂದೇ ಒಂದು. ನಿಮ್ಮ ರಿಪೋರ್ಟಿನ ಹೈಪರ್‌ಪ್ಲಾಸಿಯಾ ಅಂದರೆ ಸಂಖ್ಯೆ ಜಾಸ್ತಿ ಆಗಿದೆ ಅಷ್ಟೇ, ಜೀವಕೋಶ ಕೆಟ್ಟಿಲ್ಲ.

ಆದರೆ ಒಂದು ಎಚ್ಚರಿಕೆ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಟಿಯುಆರ್‌ಪಿಯಲ್ಲಿ ಕೆರೆಯೋದು ಮೂತ್ರನಾಳ ಸುತ್ತಿರೋ ಒಳಭಾಗವನ್ನ, ಊತ ಹುಟ್ಟೋ ಜಾಗ ಅದು. ಕ್ಯಾನ್ಸರ್ ನೂರಕ್ಕೆ ಎಪ್ಪತ್ತರಷ್ಟು ಹುಟ್ಟೋದು ಹೊರಭಾಗದಲ್ಲಿ, ಗುದದ್ವಾರದ ಕಡೆ. ಚೂರಿನಲ್ಲಿ ಇಲ್ಲ ಅಂದರೆ ಚೂರಿನಲ್ಲಿ ಇಲ್ಲ, ಅಷ್ಟೇ. ಇನ್ನೊಂದು, ಡುಟಾಸ್ಟರೈಡ್ ಆರು ತಿಂಗಳ ಮೇಲೆ ತಗೊಂಡವರ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿದಿರುತ್ತೆ. ನಿಮ್ಮ 2.8 ಅನ್ನ 5.6 ಅಂತ ಓದಿಕೊಳ್ಳಬೇಕು. ಹೆದರಿಸ್ತಿಲ್ಲ, ಊದಿದ ಪ್ರಾಸ್ಟೇಟಿನಲ್ಲಿ 74ನೇ ವಯಸ್ಸಿಗೆ ಅಷ್ಟು ಇರಬಹುದು. ಆದರೆ ನೋಡೋ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿದ್ರಾ? ಗಾಯ ಮಾಗಿದ ಮೇಲೆ ಯಾವಾಗ ಮತ್ತೆ ಪಿಎಸ್ಎ ಮಾಡಿಸಬೇಕು, ಗುದದ್ವಾರದಿಂದ ಬೆರಳು ಹಾಕಿ ಪ್ರಾಸ್ಟೇಟ್ ಮುಟ್ಟಿ ನೋಡೋ ಪರೀಕ್ಷೆ ಬೇಕಾ ಅಂತ ಕೇಳಿ.

ಕಾಫಿ ಆರಿಹೋಯ್ತು. ಉಳಿದದ್ದು ಆಮೇಲೆ.

---

ಬೇರು_ಬೂದಿ
ಸೋಮವಾರ, ಮಧ್ಯಾಹ್ನ 1:20

ಸ್ಲೈಡ್ ಮಾಮ, ಚೆನ್ನಾಗಿ ಬರೆದಿದ್ದೀರಿ. ಆದರೆ ನಾರೇ ಯಜಮಾನ ಅಂದಮೇಲೆ ನಾರನ್ನೇ ಕರಗಿಸಿಬಿಟ್ಟರೆ ಊತವೂ ಇಲ್ಲ ಕ್ಯಾನ್ಸರೂ ಇಲ್ಲ ಅಲ್ಲವಾ? ನೆಗ್ಗಿಲಮುಳ್ಳಿನ ಕಷಾಯ ನಾರು ಕರಗಿಸುತ್ತೆ ಅಂತ ನಮ್ಮ ಕಡೆ ಒಬ್ಬರು ಕೊಡ್ತಾರೆ. ಅಲೋಪತಿಯವರು ಇದನ್ನ ಯಾಕೆ ಒಪ್ಪಲ್ಲ?

---

ಸ್ಲೈಡ್_ಮಾಮ
ಸೋಮವಾರ, ಸಂಜೆ 5:50

ಕಷಾಯ ಕುಡಿದವರ ನಾರು ಕರಗಿದ್ದನ್ನ ನಾನು ಸ್ಲೈಡಿನಲ್ಲಿ ನೋಡಿಲ್ಲ ಸ್ವಾಮಿ. ಕಷಾಯ ಕುಡೀತಾ ಕುಡೀತಾ ಕಿಡ್ನಿ ಊದಿಸಿಕೊಂಡು ಬಂದವರನ್ನ ನೋಡಿದೀನಿ. ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಹಾಳಾಗೋದು ಸದ್ದಿಲ್ಲದೆ ಆಗುತ್ತೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೇ ಪ್ರಶ್ನೆ ಅಡಗಿದೆ, ಅದಕ್ಕೆ ಉತ್ತರ ಕೊಡ್ತೀನಿ. ಕ್ಯಾನ್ಸರ್ ಶುರುವಾಗೋದು ತೊಳೆಯ ಗೋಡೆಯಲ್ಲೇ, ನಾರಿನಲ್ಲಲ್ಲ. ಆದರೆ ಅಕ್ಕಪಕ್ಕದ ನಾರು ಬದಲಾಗುತ್ತೆ. ಟ್ರೈಕ್ರೋಮ್ ಹಾಕಿದರೆ ಕೆಂಪು ಕಮ್ಮಿಯಾಗಿ ನೀಲಿ ತುಂಬಿಕೊಂಡಿರುತ್ತೆ. ಸ್ನಾಯು ಹಿಂದೆ ಸರಿದು, ಗಾಯ ಮಾಗುವಾಗ ಬರೋ ಥರದ ಜೀವಕೋಶ ಮುಂದೆ ಬಂದಿರುತ್ತೆ. ಗೆಡ್ಡೆ ಅಂದರೆ ವಾಸಿಯಾಗದ ಗಾಯ ಅಂತ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಬರೆದಿದ್ದರು. 1999ರಲ್ಲಿ ಕುನ್ಹಾ ಅವರೂ ಇದ್ದ ತಂಡ ಇನ್ನೊಂದು ಪ್ರಯೋಗ ಮಾಡಿತು. ಪ್ರಯೋಗಾಲಯದಲ್ಲಿ ಸಾಕಿದ ಪ್ರಾಸ್ಟೇಟಿನ ಜೀವಕೋಶ, ತಾನಾಗಿ ಗೆಡ್ಡೆ ಕಟ್ಟದ್ದು. ಅದನ್ನ ಮಾಮೂಲಿ ನಾರಿನ ಜೊತೆ ಇಲಿಯಲ್ಲಿ ನೆಟ್ಟರೆ ತೆಪ್ಪಗಿತ್ತು. ಕ್ಯಾನ್ಸರ್ ಇದ್ದ ಜಾಗದಿಂದ ತೆಗೆದ ಫೈಬ್ರೋಬ್ಲಾಸ್ಟ್ ಜೊತೆ ನೆಟ್ಟರೆ ದೊಡ್ಡ ಗೆಡ್ಡೆ ಕಟ್ಟಿತು. ಬೀಜ ಅದೇ, ಮಣ್ಣು ಬೇರೆ. ಸ್ಟೀಫನ್ ಪ್ಯಾಜೆಟ್ ಅನ್ನೋ ಸರ್ಜನ್ 1889ರಲ್ಲಿ ಸ್ತನ ಕ್ಯಾನ್ಸರ್ ಹರಡೋದರ ಬಗ್ಗೆ ಇದೇ ಬೀಜ, ಮಣ್ಣಿನ ಮಾತು ಆಡಿದ್ದ.

ಹಾಗಾದರೆ ಮಣ್ಣು ತೆಗೆದುಬಿಡೋಣ ಅಂತ ನಿಮ್ಮ ಥರವೇ ದೊಡ್ಡದೊಡ್ಡವರೂ ಯೋಚಿಸಿದರು. ಪ್ರಾಸ್ಟೇಟಲ್ಲಲ್ಲ, ಮೇದೋಜೀರಕದ ಕ್ಯಾನ್ಸರಿನಲ್ಲಿ. ಇಲಿಗಳಲ್ಲಿ ಗೆಡ್ಡೆಯ ಸುತ್ತಲಿನ ನಾರಿನ ಜೀವಕೋಶಗಳನ್ನ ಅಳಿಸಿ ನೋಡಿದರು. 2014ರಲ್ಲಿ ಬಂದ ಫಲಿತಾಂಶ ತಲೆಕೆಳಗು: ಗೆಡ್ಡೆ ಇನ್ನೂ ಉಗ್ರವಾಯ್ತು, ಇಲಿಗಳು ಬೇಗ ಸತ್ತವು. ನಾರಿನಲ್ಲಿ ಕೆಲವು ಬೇಲಿ ಕಾಯೋವೂ ಇರ್ತವೆ, ಕೆಲವು ಕಳ್ಳನಿಗೆ ಏಣಿ ಹಿಡಿಯೋವೂ ಇರ್ತವೆ. ಇಬ್ಬರಿಗೂ ಒಂದೇ ಖಾಕಿ. ಯಾರು ಯಾರು ಅಂತ ಬೇರ್ಪಡಿಸೋದೇ ಈಗಿನವರ ತಲೆನೋವು. ಕಷಾಯಕ್ಕೆ ಅಷ್ಟು ವಿವೇಕ ಇರುತ್ತೆ ಅಂತ ನನಗನ್ನಿಸಲ್ಲ.

---

ನೈಟ್‌ಡ್ಯೂಟಿ
ಮಂಗಳವಾರ, ಬೆಳಗಿನ ಜಾವ 2:30

ಯುರಾಲಜಿ ರೆಸಿಡೆಂಟ್. ಕ್ಯಾತಿಟರ್ ಹಾಕಿ ಹಾಕಿ ಬೆರಳು ಮರಗಟ್ಟಿವೆ, ಚುಟುಕಾಗಿ ಬರೀತೀನಿ.

ಸ್ಲೈಡ್ ಮಾಮ ಸರ್ ಹೇಳಿದ್ದು ಹೆಚ್ಚುಕಮ್ಮಿ ಸರಿ. ಒಂದು ತಿದ್ದುಪಡಿ. ಐದಕ್ಕೆ ಒಂದು ಅನ್ನೋದು ಸರಾಸರಿ ಮಾತ್ರ, ಎಲ್ಲರದ್ದೂ ಹಾಗಿರಲ್ಲ. ಕೆಲವರದ್ದು ತೊಳೆಯೇ ಜಾಸ್ತಿ ಇರೋ ದೊಡ್ಡ ಮೆತ್ತನೆ ಪ್ರಾಸ್ಟೇಟ್. ಡುಟಾಸ್ಟರೈಡ್, ಫಿನಾಸ್ಟರೈಡ್ ಹೆಚ್ಚು ಕುಗ್ಗಿಸೋದು ತೊಳೆಯನ್ನ. ನಾರು ಜಾಸ್ತಿ ಇರೋ ಸಣ್ಣ ಗಟ್ಟಿ ಪ್ರಾಸ್ಟೇಟಿಗೆ ಅದರಿಂದ ಅಷ್ಟು ಲಾಭ ಕಾಣಲ್ಲ. ಮೇಷ್ಟ್ರ ತಂದೆಗೆ ಎರಡು ವರ್ಷ ಮಾತ್ರೆ ತಗೊಂಡರೂ ಮೂತ್ರ ಕಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಹಾಗಂತ ಎರಡು ಮಾತ್ರೆ ಕೊಟ್ಟದ್ದು ತಪ್ಪಲ್ಲ. 2003ರಲ್ಲಿ ಬಂದ ಎಂಟಾಪ್ಸ್ ಅಧ್ಯಯನದಲ್ಲಿ 3,047 ಗಂಡಸರನ್ನ ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದರು. ಅಲ್ಲಿದ್ದದ್ದು ಇದೇ ಎರಡು ಬಗೆಯ ಬೇರೆ ಮಾತ್ರೆಗಳು, ಡಾಕ್ಸಜೋಸಿನ್ ಮತ್ತು ಫಿನಾಸ್ಟರೈಡ್. ಕಾಯಿಲೆ ಮುಂದುವರಿಯೋ ಸಂಭವ ಒಂದೊಂದನ್ನೇ ಕೊಟ್ಟಾಗ ನೂರಕ್ಕೆ 39, 34ರಷ್ಟು ತಗ್ಗಿತ್ತು, ಎರಡೂ ಸೇರಿಸಿದಾಗ 66. ಒಂದು ಬಿಗಿತ ಬಿಡಿಸುತ್ತೆ, ಒಂದು ಗಾತ್ರ ಇಳಿಸುತ್ತೆ.

ರಿಪೋರ್ಟಿನ ‘ಕ್ರಾನಿಕ್ ಇನ್‌ಫ್ಲಮೇಶನ್’ ಬಗ್ಗೆ ಯಾರೂ ಹೇಳಲಿಲ್ಲ. ಕೆರೆದ ಚೂರುಗಳಲ್ಲಿ ಅದು ಬಹುಪಾಲು ಇದ್ದೇ ಇರುತ್ತೆ. ಆ ಉರಿಯೂತದ ಜೀವಕೋಶಗಳೂ ಸ್ಟ್ರೋಮಾಕ್ಕೆ ಬೆಳೆ ಬೆಳೆ ಅಂತ ಕುಮ್ಮಕ್ಕು ಕೊಡ್ತವೆ. ಜ್ವರ, ಉರಿ ಇಲ್ಲದಿದ್ದರೆ ಅದೊಂದಕ್ಕೇ ಆಂಟಿಬಯೋಟಿಕ್ ಬೇಡ.

ಇನ್ನೊಂದು, ಮರೆಯೋ ಮುಂಚೆ. ಮೇಷ್ಟ್ರೇ, ಅಪ್ಪನಿಗೆ 74 ಅಂದಿರಿ. ಕಣ್ಣಿನ ಪೊರೆ ಆಪರೇಷನ್ ಆಗಿದೆಯಾ? ಇನ್ನೂ ಆಗಬೇಕಿದ್ದರೆ ಕಣ್ಣಿನ ಡಾಕ್ಟರಿಗೆ ಟ್ಯಾಮ್ಸುಲೋಸಿನ್ ವಿಷಯ ಹೇಳಲೇಬೇಕು. ಕಣ್ಣಿನ ಪಾಪೆ ಹಿಗ್ಗಿಸೋ ಸ್ನಾಯುವಿನಲ್ಲೂ ಅದೇ ಆಲ್ಫಾ ಬೀಗ ಇದೆ. ಮಾತ್ರೆ ತಗೊಂಡವರ ಐರಿಸ್ ಆಪರೇಷನ್ ನಡುವೆ ಒದ್ದೆ ಬಟ್ಟೆ ಥರ ಜೋಲುತ್ತೆ ಅಂತ 2005ರಲ್ಲಿ ಇಬ್ಬರು ಕಣ್ಣಿನ ಸರ್ಜನ್‌ಗಳು ಬರೆದರು. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ತಾರೆ. ಮಾತ್ರೆ ನಿಲ್ಲಿಸಿ ಎಷ್ಟೋ ದಿನ ಆಗಿದ್ದರೂ ಹೇಳಬೇಕು.

---

ತೋಟದಮನೆ_ಮೇಷ್ಟ್ರು
ಬುಧವಾರ, ರಾತ್ರಿ 8:10

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳೋದೋ ಗೊತ್ತಾಗ್ತಿಲ್ಲ.

ಡಾಕ್ಟರೇ, ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ? ಅಪ್ಪಯ್ಯನ ಎಡಗಣ್ಣಿಗೆ ಮುಂದಿನ ತಿಂಗಳು ಪೊರೆ ಆಪರೇಷನ್ ಗೊತ್ತಾಗಿದೆ. ಇವತ್ತು ಸ್ಕೂಲ್ ಬಿಟ್ಟ ಮೇಲೆ ಆ ಆಸ್ಪತ್ರೆಗೆ ಫೋನ್ ಮಾಡಿದೆ. ಅಪ್ಪಯ್ಯನ ಕಾರ್ಡಲ್ಲಿ ‘ಬೇರೆ ಔಷಧಿ’ ಕಲಮಿನ ಎದುರು ‘ಬಿಪಿ’ ಅಂತ ಮಾತ್ರ ಬರೆದಿತ್ತಂತೆ. ಪ್ರಾಸ್ಟೇಟ್ ಮಾತ್ರೆ ಹೇಳಲು ನಾಚಿಕೆ, ಅಲ್ಲಿ ಬರೆದುಕೊಳ್ತಿದ್ದದ್ದು ಹುಡುಗಿ ಅಂತ. ಈಗ ಸೇರಿಸಿಕೊಂಡರು. ನಾನು ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ, ಆ ಕಡೆಯವರು ನಗಾಡಿದರು, ಅವರಿಗೆ ಗೊತ್ತಿತ್ತು.

ಪಿಎಸ್ಎ ವಿಷಯಕ್ಕೆ ಶಿವಮೊಗ್ಗಕ್ಕೆ ಮುಂದಿನ ವಾರ ಹೋಗ್ತೇವೆ. ಮಾತ್ರೆಯ ಖಾಲಿ ಪಟ್ಟಿ, 2.8 ಬಂದ ಚೀಟಿ ಎರಡನ್ನೂ ಒಂದೇ ಕವರಿಗೆ ಹಾಕಿ ಇಟ್ಟಿದ್ದೇನೆ.

ಹಲಸಿನ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಅಪ್ಪಯ್ಯನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅಂದ್ರೆ ನನ್ನದು ಬಕ್ಕೆ ಅಲ್ಲ, ಬರೀ ನಾರು” ಅಂದರು. ಅಮ್ಮ ಮುಖ ತಿರುಗಿಸಿ ನಕ್ಕಳು. ಶೀತದ ಮಾತ್ರೆ ಎಲ್ಲಿ, ಎಸೆದ್ರಾ ಅಂತ ಕೇಳಿದೆ. ಎಸೆದೆ ಎಸೆದೆ ಅಂದರು. ಅಪ್ಪಯ್ಯ ದುಡ್ಡು ಕೊಟ್ಟು ತಂದದ್ದನ್ನು ಎಸೆದದ್ದು ನಾನು ಹುಟ್ಟಿದಮೇಲೆ ನೋಡಿಲ್ಲ. ಮಲಗಿದ ಮೇಲೆ ಹುಡುಕಿದರೆ, ಉಳಿದ ಎಂಟು ಎಲೆಯಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇದ್ದವು. ಹಿಂದೆ ತಿರುಗಿಸಿ ಓದಿದೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಫಿನೈಲೆಫ್ರಿನ್ ಅಂತಿದೆ.